ದೂರಸವಾರಿ: ರಾವುತನ ಹೊಣೆ ಮತ್ತು ಅಶ್ವಕ್ಷೇಮ, ಸುರಪುರ–ಶಹಾಪುರ ಸೀಮೆಯ ಹಿನ್ನೆಲೆಯಲ್ಲಿ

ದೂರಸವಾರಿ ಎಂಬುದು, ಒಬ್ಬ ಸವಾರನು ಒಂದೇ ಕುದುರೆಯ ಮೇಲೆ, ಒಂದು ಹಗಲಿನಲ್ಲಿಯಾಗಲಿ ಒಂದು ಹಗಲು ಒಂದು ಇರುಳಿನ ಅವಧಿಯಲ್ಲಿಯಾಗಲಿ, 40ರಿಂದ 160 ಕಿಲೋಮೀಟರುಗಳವರೆಗಿನ ಏರುಪೇರಿನ ದಾರಿಯನ್ನು ಕ್ರಮಿಸಿ, ನಡುನಡುವೆ ಪಶುವೈದ್ಯರ ಪರೀಕ್ಷೆಗೆ ಕುದುರೆಯನ್ನು ಒಪ್ಪಿಸಿ, ಗುರಿ ಮುಟ್ಟಿದ ಬಳಿಕವೂ ಅದು ಇನ್ನೂ ನಡೆಯಬಲ್ಲ ಸ್ಥಿತಿಯಲ್ಲಿದೆಯೆಂದು ವೈದ್ಯರು ಒಪ್ಪಿದಾಗ ಮಾತ್ರ ಪೂರ್ಣಗೊಂಡಿತೆಂದು ಗಣಿಸಲ್ಪಡುವ ಅಶ್ವಕ್ರೀಡೆ. ಪಂದ್ಯದ ಮೈದಾನದಲ್ಲಿ ಮೊದಲು ಗೆರೆ ದಾಟಿದ ಕುದುರೆ ಗೆದ್ದಂತೆಯೇ ಸರಿ. ಇಲ್ಲಿಯಾದರೋ ಮೊದಲು ಬಂದ ಕುದುರೆ ಕುಂಟಿದರೆ, ಅಥವಾ ಅದರ ಎದೆಬಡಿತವು ನಿಯತ ಕಾಲದೊಳಗೆ ಇಳಿಯದಿದ್ದರೆ, ಅದು ಓಡಿದ ಓಟವೆಲ್ಲ ಎಣಿಕೆಗೆ ಬಾರದೆ ಹೋಗುತ್ತದೆ. ಅಶ್ವಕ್ಷೇಮವನ್ನು ಸೋಲುಗೆಲುವಿನ ಲೆಕ್ಕದೊಳಕ್ಕೇ ತಂದಿರಿಸಿದ ಈ ನಿಯಮವು ಉಳಿದ ಅಶ್ವಕ್ರೀಡೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣದು.

ಇಂಥ ನಿಯಮವೊಂದು ಬೇಕಾದುದಕ್ಕೆ ಕಾರಣ ಕುದುರೆಯ ಸ್ವಭಾವದಲ್ಲಿಯೇ ಇದೆ. ಬೇಟೆಗೆ ಗುರಿಯಾಗುತ್ತ ಬಂದ, ಗುಂಪಿನಲ್ಲಿ ಬಾಳುವ, ಹಿಂದೆ ಬಿದ್ದರೆ ಪ್ರಾಣಕ್ಕೆ ಎರವೆಂಬ ಭಯವನ್ನು ರಕ್ತದಲ್ಲಿಯೇ ಹೊತ್ತ ಈ ಪ್ರಾಣಿಯು ತನ್ನ ನೋವನ್ನೂ ಬಳಲಿಕೆಯನ್ನೂ ಆದಷ್ಟು ಮಟ್ಟಿಗೆ ಮರೆಮಾಚುತ್ತದೆ; ಮುಂದೆ ಬೇರೊಂದು ಕುದುರೆ ಓಡುತ್ತಿದ್ದರಂತೂ ಶಕ್ತಿ ತೀರಿದ ಮೇಲೂ ಕಾಲೆತ್ತಿ ಹಾಕುತ್ತದೆ. ಎತ್ತು ದಣಿದರೆ ಮಲಗುತ್ತದೆ, ಕತ್ತೆ ದಣಿದರೆ ನಿಲ್ಲುತ್ತದೆ. ಕುದುರೆ ಮಾತ್ರ ಬೀಳುವ ಗಳಿಗೆಯವರೆಗೂ ಓಡಬಲ್ಲುದು. ಆದುದರಿಂದ ಎಲ್ಲಿ ನಿಲ್ಲಬೇಕೆಂಬ ವಿವೇಕವು ಮೇಲೆ ಕುಳಿತವನಲ್ಲಿರಬೇಕು. ಆ ವಿವೇಕವು ಸವಾರನಿಗೆ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದು ಈ ಲೇಖನದ ಮುಖ್ಯ ವಿಚಾರ. ಅದಕ್ಕೆ ಕೃಷ್ಣಾ–ಭೀಮಾ ನದಿಗಳ ನಡುವಣ ನಾಡಿನ ಚರಿತ್ರೆಯಲ್ಲಿ ಹೇರಳವಾದ ಸಾಮಗ್ರಿಯುಂಟು.

ಶಹಾಪುರ ಮತ್ತು ಸುರಪುರ ಸೀಮೆಯು ಬಡಗಣ–ಮೂಡಣದಲ್ಲಿ ಭೀಮೆಯನ್ನೂ ತೆಂಕಣದಲ್ಲಿ ಕೃಷ್ಣೆಯನ್ನೂ ಮೇರೆಯಾಗಿ ಪಡೆದಿದೆ. ನೆಲ ಬಹುಮಟ್ಟಿಗೆ ಎರೆಮಣ್ಣಿನದು. ನಡುವೆ ಕಣಶಿಲೆಯ ಗುಡ್ಡಗಳು, ಗುಡ್ಡಗಳ ಬುಡದಲ್ಲಿ ಮೊರಂ ದಾರಿಗಳು. ಮಳೆಗಾಲದಲ್ಲಿ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಲಾಳವನ್ನು ಎಳೆಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿಬಿಟ್ಟು ಮುಂಗಾಲು ಹೊಕ್ಕು ಮುರಿಯುವಷ್ಟು ಆಳದ ಬಿರುಕುಗಳನ್ನು ತೆರೆದಿಟ್ಟಿರುತ್ತದೆ. ಗುಡ್ಡದ ದಾರಿಯಲ್ಲಿಯೋ ಗೊರಸಿನ ಅಡಿಗೆ ಚೂಪುಗಲ್ಲು ಸಿಕ್ಕುವ ಭಯ. ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಇಲ್ಲಿ ವಿಶೇಷವಲ್ಲ. ಇಷ್ಟೆಲ್ಲ ಪ್ರತಿಕೂಲಗಳಿದ್ದರೂ ದಖ್ಖಣದ ಸವಾರಿಯ ಇತಿಹಾಸದಲ್ಲಿ ಈ ನದೀತೀರಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಮರಾಠಾ ಸವಾರರನ್ನು ಹೊತ್ತ ಸಣ್ಣ ಗಾತ್ರದ, ಗಟ್ಟಿಗೊರಸಿನ, ಅಲ್ಪಾಹಾರಿಯಾದ ತಟ್ಟುಗಳು ಭೀಮಥಡಿ ಎಂದು, ಎಂದರೆ ಭೀಮಾತೀರದವೆಂದು, ಪ್ರಸಿದ್ಧವಾದುವು. ಅವುಗಳ ತವರು ಪುಣೆಯ ಕಡೆಯ ಮೇಲ್ಭೀಮೆಯಾದರೂ, ನದಿಯೊಡನೆ ಇಳಿದು ಬಂದ ದಂಡುಗಳೊಡನೆ ಅವೂ ಈ ನಾಡಿನ ದಾರಿಗಳನ್ನು ಬಲ್ಲವಾಗಿದ್ದುವು. ಬಹುಕಾಲ ಬರಿಯ ನಾಡಕುದುರೆಯೆಂದು ಅಲಕ್ಷ್ಯಕ್ಕೆ ಗುರಿಯಾಗಿದ್ದ ಈ ತಳಿಯು ಈಚೆಗೆ ಮಾರವಾಡಿ, ಕಾಠಿಯಾವಾಡಿ, ಮಣಿಪುರಿ ಮೊದಲಾದುವುಗಳ ಸಾಲಿನಲ್ಲಿ ದೇಶದ ಎಂಟನೆಯ ಕುದುರೆ ತಳಿಯಾಗಿ ಅಧಿಕೃತ ಮಾನ್ಯತೆಯನ್ನು ಪಡೆದಿದೆ.

ಕನ್ನಡನಾಡಿನಲ್ಲಿ ಕುದುರೆಯ ಪೋಷಣೆಯು ಶಾಸ್ತ್ರವೇ ಆಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ಕುದುರೆಯ ಮೇಲಿನ ಚೆಂಡಾಟಗಳ ವಿಷಯವು ವಿಸ್ತಾರವಾಗಿ ಬಂದಿದೆ. ಸುಮಾರು 1400ರ ಅಭಿನವಚಂದ್ರನ ಅಶ್ವವೈದ್ಯ, 1627ರಲ್ಲಿ ಪದ್ಮಣಪಂಡಿತನು ಬರೆದ ಹಯಸಾರಸಮುಚ್ಚಯ ಮುಂತಾದ ಕನ್ನಡ ಕೃತಿಗಳು, ಈ ವಿದ್ಯೆ ಸಂಸ್ಕೃತಜ್ಞರ ಓಲೆಗರಿಗಳಲ್ಲಿಯೇ ಉಳಿಯದೆ ದೇಶಭಾಷೆಗೂ ಇಳಿದುಬಂದುದಕ್ಕೆ ಸಾಕ್ಷಿಯಾಗಿವೆ. ಶಾಸ್ತ್ರ ಇಷ್ಟಿದ್ದೂ ಲಾಯದಲ್ಲಿ ನಡೆದುದು ಬೇರೆಯೇ ಇದ್ದಿರಬಹುದು. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ದಕ್ಷಿಣದ ಕರಾವಳಿಯನ್ನು ಕುರಿತು ಬರೆಯುತ್ತ, ಪ್ರತಿವರ್ಷ ಹಡಗುಗಟ್ಟಲೆ ಕುದುರೆಗಳನ್ನು ಕೊಂಡರೂ ಬಲ್ಲ ಆಳುಗಳಿಲ್ಲದೆ, ತಕ್ಕ ಮೇವಿಲ್ಲದೆ ಅವು ಸಾಯುತ್ತಿದ್ದುವೆಂದು ಹೇಳಿದ್ದಾನೆ. ವಿಜಯನಗರವನ್ನು ಕಂಡ ಪೋರ್ಚುಗೀಸ ನ್ಯೂನಿಜನು, ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಗಳಿಗೂ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿ ಬಂದವುಗಳಿಗೆ ಕೊಡುವಷ್ಟೇ ಬೆಲೆ ಕೊಡುತ್ತಿದ್ದನೆಂದು ಬರೆದಿಟ್ಟಿದ್ದಾನೆ. ರಾಜನ ಉದ್ದೇಶ ವ್ಯಾಪಾರಿಯು ಕುದುರೆಗಳನ್ನು ಬೇರೆಯವರಿಗೆ ಒಯ್ಯದಿರಲೆಂಬುದು. ಆದರೆ ಸತ್ತರೂ ಬದುಕಿದರೂ ಒಂದೇ ಬೆಲೆಯೆಂದ ಮೇಲೆ ಹಡಗಿನ ಒಡಲಿನಲ್ಲಿ ಬಾಯಾರಿ ನಿಂತ ಕುದುರೆಗೆ ನೀರು ಕೊಡುವ ಆತುರ ಯಾರಿಗೆ ಇದ್ದೀತು?

ಶಹಾಪುರಕ್ಕೆ ಇನ್ನೂ ಹತ್ತಿರದ ಸಾಕ್ಷಿ ರಷ್ಯದ ವರ್ತಕ ಅಫನಾಸಿ ನಿಕಿತಿನ್‌ನದು. ಮಾರುವುದಕ್ಕೆಂದು ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು, 1470ರ ಸುಮಾರಿಗೆ ಬಹಮನಿ ರಾಜ್ಯದಲ್ಲಿ ಸಂಚರಿಸಿದ ಈತನು, ಇತಿಹಾಸಜ್ಞರು ಇಂದಿನ ಕಲಬುರಗಿ ಜಿಲ್ಲೆಯ ಆಳಂದವೆಂದು ಗುರುತಿಸುವ ಊರಿನ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ಹೇಳುತ್ತಾನೆ. ಇಲ್ಲಿ ಕುದುರೆಗಳಿಗೆ ಕಾಳುಗಳನ್ನೂ, ಸಕ್ಕರೆ–ಜಿಡ್ಡು ಬೆರಸಿ ಬೇಯಿಸಿದ ಖಿಚಡಿಯನ್ನೂ ತಿನ್ನಿಸುತ್ತಿದ್ದರೆಂದೂ ಬರೆಯುತ್ತಾನೆ. ಹುಲ್ಲುಗಾವಲಿನ ನಾಡಿನಿಂದ ಬಂದವನಿಗೆ ಅದು ವಿಚಿತ್ರವಾಗಿ ತೋರಿದುದು ಸಹಜ. ಮೇವನ್ನು ಹಗಲಿರುಳು ಸ್ವಲ್ಪಸ್ವಲ್ಪವಾಗಿ ಮೇಯುವುದಕ್ಕೆಂದು ರಚಿತವಾದ ಕುದುರೆಯ ಜಠರಕ್ಕೆ ಒಂದೇ ಸಲ ಸುರಿದ ಬೆಂದ ಧಾನ್ಯವು ಹೊಟ್ಟೆನೋವಿಗೂ, ಗೊರಸಿನ ಉರಿಗೂ ದಾರಿಯಾಗುತ್ತದೆಂಬುದನ್ನು ಇಂದಿನ ಪಶುವೈದ್ಯವೂ ಒಪ್ಪುತ್ತದೆ. ನೆನೆಸಿದ ಹುರುಳಿಯನ್ನು ಮಿತವಾಗಿ ಕೊಟ್ಟು, ಕಣಿಕೆ ಹುಲ್ಲುಗಳನ್ನು ಮುಂದೆ ಹಾಕಿ, ಉಳಿದ ಹೊತ್ತು ಹೊಲದ ಬದುವಿನಲ್ಲಿ ಮೇಯಲು ಬಿಡುತ್ತಿದ್ದ ಬಡ ಸವಾರನ ತಟ್ಟು, ಸುಲ್ತಾನನ ಅರಬ್ಬಿಗಿಂತ ಈ ವಿಷಯದಲ್ಲಿ ಭಾಗ್ಯಶಾಲಿಯಾಗಿದ್ದಿತು.

ಸುರಪುರದ ಬೇಡ ನಾಯಕರು ಬಂದೂಕಿನವರೆಂದು ಪ್ರಸಿದ್ಧರು. ಅವರ ಬಲವು ಕಾಲಾಳಿನಲ್ಲಿ, ಗುಡ್ಡಗಳ ಮರೆಯಲ್ಲಿ ಇದ್ದಿತು. 1705ರಲ್ಲಿ ಮುಪ್ಪಿನ ಔರಂಗಜೇಬನು ತಾನೇ ಬಂದು ಅವರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಅವರ ಒಡೆಯ ಪಿಡ್ಡನಾಯಕನಿಗೆ ಒತ್ತಾಸೆಯಾಗಿ ಬಂದುದು ಧನಾಜಿ ಜಾಧವನ ಮರಾಠಾ ಕುದುರೆದಂಡು. ಭಾರವಾದ ಡೇರೆ, ಫಿರಂಗಿ, ಆನೆ, ಬಜಾರುಗಳನ್ನು ಎಳೆದುಕೊಂಡು ದಿನಕ್ಕೆ ಕೆಲವೇ ಹರಿದಾರಿ ತೆವಳುತ್ತಿದ್ದ ಮೊಗಲ ಪಾಳೆಯದ ಸುತ್ತ, ಜೀನಿನ ಚೀಲದಲ್ಲಿ ಕಾಳು ರೊಟ್ಟಿಗಳನ್ನು ಕಟ್ಟಿಕೊಂಡ ಹಗುರ ಸವಾರರು ಇಂದು ಇಲ್ಲಿ ನಾಳೆ ಅಲ್ಲಿ ಎಂಬಂತೆ ಸುಳಿಯುತ್ತಿದ್ದರು. ಕೋಟೆ ಕೊನೆಗೆ ಬಿದ್ದಿತು. ನಾಯಕನು ಮಾತ್ರ ಕೈಗೆ ಸಿಕ್ಕಲಿಲ್ಲ. ಚಕ್ರವರ್ತಿ ಸಮೀಪದ ದೇವಾಪುರದ ಪಾಳೆಯದಲ್ಲಿ ಕಾಯಿಲೆ ಬಿದ್ದನು. ವಾಗಣಗೇರಾ ಮುತ್ತಿಗೆಯೇ ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ.

ಈ ಹಗುರ ಸವಾರರ ಸೈನ್ಯದಲ್ಲಿದ್ದ ಒಂದು ಭೇದವು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ತನ್ನ ಕುದುರೆಯನ್ನು ತಾನೇ ತಂದು ಚಾಕರಿಗೆ ನಿಂತವನು ಶಿಲೇದಾರ. ಸರ್ಕಾರದ ಲಾಯದಿಂದ ಅಥವಾ ಸರದಾರನಿಂದ ಕುದುರೆಯನ್ನು ಪಡೆದು ಏರಿದವನು ಬಾರಗೀರ. ಶಿಲೇದಾರನ ಸಂಬಳವು ಕುದುರೆಯ ಮೇಲೆ ನಿಂತುದು. ಕುದುರೆ ಸತ್ತರೆ ಅವನು ಅಂದಿನಿಂದಲೇ ಕಾಲಾಳು. ಅವನ ಮನೆಯ ಅನ್ನಕ್ಕೂ ಕುತ್ತು. ಆ ಕಾರಣದಿಂದ ಶಿಲೇದಾರನು ಇಳಿಜಾರಿನಲ್ಲಿ ಇಳಿದು ನಡೆದನು, ತಂಗಿದಲ್ಲಿ ಮೊದಲು ಕುದುರೆಯ ಬೆನ್ನು ಉಜ್ಜಿ ಆಮೇಲೆ ತಾನು ಉಂಡನು, ಲಾಳ ಸಡಿಲವಾದರೆ ನಾಲಬಂದನನ್ನು ಹುಡುಕಿಕೊಂಡು ಹೋದನು. ಕುದುರೆಯನ್ನು ಉಳಿಸಿಕೊಳ್ಳುವ ಸಲುವಾಗಿ ಯುದ್ಧದಲ್ಲಿ ಹಿಂಜರಿಯುತ್ತಾನೆಂಬ ನಿಂದೆಯನ್ನೂ ಅವನು ಹೊತ್ತನು. ಸೇನಾಪತಿಗೆ ಅದು ದೋಷ, ಕುದುರೆಗೆ ಅದೇ ರಕ್ಷೆ. ಬಾರಗೀರನು ಕ್ರೂರನೇ ಆಗಿರಬೇಕೆಂದಿಲ್ಲ, ಆದರೆ ಕುದುರೆ ಸತ್ತರೆ ಅವನಿಗೆ ಇನ್ನೊಂದು ದೊರೆಯುತ್ತಿದ್ದಿತು. ಇದೇ ಶಿಲೇದಾರಿ ಪದ್ಧತಿಯನ್ನು ಮುಂದೆ ಹೈದರಾಬಾದ್ ಕಾಂಟಿಂಜೆಂಟ್ ಎಂಬ ಸೈನ್ಯದ ಕುದುರೆಪಡೆಯೂ ಅನುಸರಿಸಿತು. ಸುರಪುರಕ್ಕೆ ಸಮೀಪದ ಲಿಂಗಸುಗೂರು ಆ ಸೈನ್ಯದ ಠಾಣೆಗಳಲ್ಲೊಂದು. ಅತ್ತ ಪಿಂಡಾರಿಗಳು ಉದ್ದುದ್ದದ ಕೊಳ್ಳೆಸವಾರಿಗಳಲ್ಲಿ ದಣಿದ ಕುದುರೆಗಳಿಗೆ ಮಸಾಲೆ ಅಫೀಮುಗಳನ್ನು ತಿನ್ನಿಸಿ ಓಡಿಸುತ್ತಿದ್ದರೆಂದು ಅಂದಿನ ಬ್ರಿಟಿಷ್ ಅಧಿಕಾರಿಗಳು ಬರೆದಿದ್ದಾರೆ. ಇಂದು ಕ್ರೀಡಾಮಂಡಳಿಗಳು ಕುದುರೆಯ ರಕ್ತದಲ್ಲಿಯೂ ಮೂತ್ರದಲ್ಲಿಯೂ ಹುಡುಕುವ ಉತ್ತೇಜಕಗಳಿಗೂ ನೋವುಮರೆಸುವ ಮದ್ದುಗಳಿಗೂ ಅದು ಪೂರ್ವರೂಪ.

ಸುರಪುರದಲ್ಲಿ 1841ರಿಂದ 1853ರವರೆಗೆ ಬ್ರಿಟಿಷ್ ಸರ್ಕಾರದ ಪರವಾಗಿ ಆಡಳಿತದ ಮೇಲ್ವಿಚಾರಣೆ ನಡೆಸಿದ ಮೆಡೋಸ್ ಟೇಲರನ ಕಾಲಕ್ಕೂ ಅಧಿಕಾರಿಗೆ ಕುದುರೆಯೇ ವಾಹನ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಅಲ್ಲಿದೆ. ಅವನು ಎತ್ತಿ ಬೆಳೆಸಿದ ರಾಜಾ ವೆಂಕಟಪ್ಪ ನಾಯಕನು 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಮೇಲೆ ಎದ್ದು, ಸುತ್ತಲೂ ಸೈನ್ಯಗಳು ಕೂಡಿಬರಲು, ಕೆಲವೇ ಸವಾರರೊಂದಿಗೆ ರಾತ್ರಿ ಊರನ್ನು ಬಿಟ್ಟು ಹೈದರಾಬಾದಿಗೆ ಹೊರಟುಹೋದನು. ಸುರಪುರದಿಂದ ಹೈದರಾಬಾದು ನೇರವಾಗಿ ಅಳೆದರೂ 200 ಕಿಲೋಮೀಟರಿಗೆ ಕಡಮೆಯಿಲ್ಲ, ನಡುವೆ ಭೀಮೆಯನ್ನು ದಾಟಬೇಕು. ಇಂದಿನ ಕ್ರೀಡೆಯ ಪರಮಾವಧಿಯಾದ 160 ಕಿಲೋಮೀಟರಿಗಿಂತ ಮಿಗಿಲಾದ ದೂರವನ್ನು ಆ ಕುದುರೆಗಳು ಕ್ರಮಿಸಬೇಕಾಯಿತು. ಪ್ರಾಣ ಉಳಿಸಿಕೊಳ್ಳಲು ಓಡುವವನನ್ನು ಅಶ್ವಕ್ಷೇಮದ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಕ್ರೀಡೆಗೆ ಆ ವಿನಾಯಿತಿ ಇಲ್ಲ, ಅಲ್ಲಿ ಯಾರ ಪ್ರಾಣವೂ ಅಪಾಯದಲ್ಲಿರುವುದಿಲ್ಲ, ಕುದುರೆಯದನ್ನು ಬಿಟ್ಟು.

ಯುದ್ಧದ ಅನಿವಾರ್ಯವನ್ನು ವಿನೋದಕ್ಕೆ ತಂದುದರ ಫಲವನ್ನು ಯೂರೋಪು 1892ರಲ್ಲಿ ಕಂಡಿತು. ಆಸ್ಟ್ರಿಯ ಮತ್ತು ಜರ್ಮನಿಯ ಸೇನಾಧಿಕಾರಿಗಳು ವಿಯೆನ್ನಾ–ಬರ್ಲಿನ್ ನಗರಗಳ ನಡುವೆ 550 ಕಿಲೋಮೀಟರಿಗೂ ಮಿಕ್ಕ ದೂರವನ್ನು ಯಾರು ಬೇಗ ಮುಟ್ಟುವರೆಂದು ಪಣ ಕಟ್ಟಿ ಓಡಿಸಿದ ಆ ಸ್ಪರ್ಧೆಯಲ್ಲಿ ಗೆದ್ದ ಕೌಂಟ್ ಸ್ಟಾರೆಂಬರ್ಗನು ಮೂರು ದಿನಗಳೊಳಗೆ ಬರ್ಲಿನ್ನನ್ನು ಸೇರಿದನು. ಅವನ ಕುದುರೆ ಆಥೋಸ್ ಸ್ವಲ್ಪ ಕಾಲದಲ್ಲಿಯೇ ಸತ್ತಿತು. ಅದರೊಡನೆ ಇನ್ನೂ ಅನೇಕ ಕುದುರೆಗಳು ಸತ್ತುವು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದು, ಸುಮಾರು ಒಂದು ತಿಂಗಳಲ್ಲಿ ನೂರಾರು ಕಿಲೋಮೀಟರು ಬಡಗಕ್ಕೆ ಅಲೆಪ್ಪೊ ಪ್ರದೇಶವನ್ನು ಮುಟ್ಟಿದ ಪಯಣವು ದೂರಸವಾರಿಯ ಚರಿತ್ರೆಯಲ್ಲಿ ಕನ್ನಡಿಗರ ದೊಡ್ಡ ಅಧ್ಯಾಯ. ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರುಗಳ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ನಿಂತಿದೆ. ಆ ರಣರಂಗದಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮಾರಾಟವಾಗಿ ಮುಪ್ಪಿನಲ್ಲಿಯೂ ಗಾಡಿ ಎಳೆಯುತ್ತಿದ್ದ ಸೈನ್ಯದ ಕುದುರೆಗಳನ್ನು ಕಂಡು ಮರುಗಿದ ಡೊರೊತಿ ಬ್ರೂಕ್ ಎಂಬ ಮಹಿಳೆ 1934ರಲ್ಲಿ ಕೈರೋ ನಗರದಲ್ಲಿ ಅವಕ್ಕಾಗಿ ಆಸ್ಪತ್ರೆಯನ್ನು ತೆರೆದಳು.

ಇಂದಿನ ರೂಪದ ಕ್ರೀಡೆ ಆರಂಭವಾದುದು 1955ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ವೆಂಡೆಲ್ ರೋಬಿ ಎಂಬವನು ಟಾಹೊ ಸರೋವರದ ಬಳಿಯಿಂದ ಆಬರ್ನ್ ಪಟ್ಟಣಕ್ಕೆ ಬೆಟ್ಟಗಳ ಹಾದಿಯಲ್ಲಿ 100 ಮೈಲಿಗಳನ್ನು ಒಂದು ದಿನದಲ್ಲಿ ಕ್ರಮಿಸಬಹುದೆಂದು ಸಂಗಡಿಗರೊಡನೆ ತೋರಿಸಿದನು. ಅದೇ ಟೆವಿಸ್ ಕಪ್. ಅಲ್ಲಿ 24 ಗಂಟೆಗಳೊಳಗೆ ಕುದುರೆಯನ್ನು ಸ್ವಸ್ಥವಾಗಿ ತಂದವರಿಗೆಲ್ಲ ಬೆಳ್ಳಿಯ ಸೊಂಟಪಟ್ಟಿಯ ಬಿಲ್ಲೆ ದೊರೆಯುತ್ತದೆ. ಮೊದಲ ಹತ್ತು ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ಹ್ಯಾಗಿನ್ ಕಪ್ ಎಂಬ ಬೇರೊಂದು ಬಹುಮಾನವುಂಟು, ಅದನ್ನು ಪಡೆಯುವುದೇ ಹೆಚ್ಚಿನ ಗೌರವವೆಂದು ಭಾವಿಸುವ ಸವಾರರೂ ಉಂಟು. ಆಸ್ಟ್ರೇಲಿಯದಲ್ಲಿ 1966ರಲ್ಲಿ ಟಾಮ್ ಕ್ವಿಲ್ಟಿ ಸವಾರಿ ಮೊದಲಾಯಿತು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆಯ ಆಶ್ರಯದಲ್ಲಿ ಮೊದಲ ವಿಶ್ವಚಾಂಪಿಯನ್‌ಷಿಪ್ 1986ರಲ್ಲಿ ರೋಮ್ ನಗರದಲ್ಲಿ ನಡೆಯಿತು.

ಈಗ ಕುದುರೆಯ ಒಡಲಿನ ಕಡೆಗೆ ನೋಡೋಣ. ಹೊಣೆಯ ಮಾತೆಲ್ಲ ಅಲ್ಲಿಗೇ ಬಂದು ನಿಲ್ಲುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ದುಡಿಯುವ ಸ್ನಾಯುವು ವ್ಯಯಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿ ಹೊರಡುತ್ತದೆ. ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಚರ್ಮದ ವಿಸ್ತಾರ ಕಡಮೆಯಾದುದರಿಂದ ಆ ಶಾಖವನ್ನು ಕಳೆದುಕೊಳ್ಳಲು ಅದು ಬೆವರಿನ ಮೇಲೆಯೇ ನಿಂತಿದೆ. ಬಿಸಿಲಿನಲ್ಲಿ ಓಡುವಾಗ ಗಂಟೆಗೆ ಹತ್ತು, ಹದಿನೈದು ಲೀಟರಿನವರೆಗೂ ಬೆವರು ಹರಿಯಬಲ್ಲುದು. ಮನುಷ್ಯನ ಬೆವರಿಗಿಂತ ಅದರಲ್ಲಿ ಲವಣಗಳು ಬಹು ಹೆಚ್ಚು. ನೀರಿನೊಡನೆ ಉಪ್ಪೂ ಸೇರಿ ಹೋಗುವುದರಿಂದ ರಕ್ತದಲ್ಲಿ ಉಪ್ಪಿನ ಪ್ರಮಾಣ ಏರುವುದಿಲ್ಲ. ಏರದಿದ್ದರೆ ಮೆದುಳಿಗೆ ಬಾಯಾರಿಕೆಯ ಸುದ್ದಿ ಮುಟ್ಟುವುದಿಲ್ಲ. ಹೀಗೆ ಮೈಯಿಂದ ಇಪ್ಪತ್ತು ಲೀಟರು ನೀರು ಸೋರಿಹೋದ ಕುದುರೆಯೂ ತೊಟ್ಟಿಯ ಮುಂದೆ ನಿಂತು ಮೂತಿ ತಿರುಗಿಸಬಹುದು. ಕುಡಿಯಲಿಲ್ಲವಾದ್ದರಿಂದ ದಾಹವಿಲ್ಲವೆಂದು ತಿಳಿಯುವ ಸವಾರನು ದೊಡ್ಡ ತಪ್ಪು ಮಾಡುತ್ತಾನೆ. ಅನುಭವಿಗಳು ಮೊದಲ ಹಂತದಿಂದಲೇ ಪ್ರತಿ ಹಳ್ಳಕ್ಕೂ ನಿಲ್ಲಿಸಿ, ಲಗಾಮನ್ನು ಸಡಿಲ ಬಿಟ್ಟು, ಮೂತಿ ಮುಳುಗಿಸುವವರೆಗೂ ಕಾಯುತ್ತಾರೆ. ಹೊಸ ಊರಿನ ನೀರಿನ ರುಚಿಗೆ ಹಿಂಜರಿಯುವ ಕುದುರೆಗೆ ಮನೆಯಿಂದಲೇ ನೀರನ್ನು ಒಯ್ಯುವವರೂ ಇದ್ದಾರೆ. ಬೆವರಿನಲ್ಲಿ ಕಳೆದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡುಗಳನ್ನು ಉಪ್ಪಿನ ಮಿಶ್ರಣವಾಗಿ ಮೇವಿನೊಡನೆ ಕೊಡುವುದು ರೂಢಿ; ಆದರೆ ನೀರು ಕುಡಿಯದ ಕುದುರೆಯ ಗಂಟಲಿಗೆ ಗಟ್ಟಿ ಉಪ್ಪನ್ನು ತುರುಕುವುದರಿಂದ ಮೈಯ ನೀರು ಕರುಳಿನೊಳಕ್ಕೆ ಸೆಳೆಯಲ್ಪಟ್ಟು ಹಾನಿಯೇ ಹೆಚ್ಚಾಗುತ್ತದೆ.

ಲವಣಗಳ ಸಮತೂಕ ತಪ್ಪಿದ ಕುದುರೆಯ ಪಕ್ಕೆಗಳು ಎದೆಬಡಿತದ ಲಯಕ್ಕೆ ಸರಿಯಾಗಿ ಬಿಕ್ಕಳಿಕೆಯಂತೆ ಅದುರತೊಡಗುತ್ತವೆ. ಪೃಷ್ಠದ ಸ್ನಾಯುಗಳು ಹಲಗೆಯಂತೆ ಬಿಗಿದು ಮೂತ್ರ ಕಂದುಬಣ್ಣಕ್ಕೆ ತಿರುಗುವುದುಂಟು. ಕರುಳಿನ ಚಲನೆ ನಿಂತು ಹೊಟ್ಟೆನೋವು ಹಿಡಿಯುವುದುಂಟು. ಇವೆಲ್ಲ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದಲೇ ವೈದ್ಯದ್ವಾರಗಳು. ಸುಮಾರು 20ರಿಂದ 40 ಕಿಲೋಮೀಟರುಗಳ ಪ್ರತಿ ಹಂತದ ಕೊನೆಗೂ ಕುದುರೆ ಅಲ್ಲಿಗೆ ಬರಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು–ನಲವತ್ತು ಬಾರಿ ಬಡಿಯುವ ಅದರ ಹೃದಯವು, ಬಂದು ಹದಿನೈದು ನಿಮಿಷಗಳೊಳಗೆ ಸಾಮಾನ್ಯವಾಗಿ 64ಕ್ಕೆ ಇಳಿದಿರಬೇಕು. ವೈದ್ಯನು ಮೇಲ್ದುಟಿಯನ್ನೆತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಬಿಳಿಚಿಕೊಂಡ ಗುರುತಿಗೆ ಎರಡು ಸೆಕೆಂಡುಗಳೊಳಗೆ ಮತ್ತೆ ನಸುಗೆಂಪು ತುಂಬಿದರೆ ರಕ್ತಸಂಚಾರ ಸರಿಯಿದೆ. ಭುಜದ ಬಳಿಯ ಚರ್ಮವನ್ನು ಚಿವುಟಿ ಬಿಡುತ್ತಾನೆ. ಮಡಿಕೆ ನಿಂತೇ ಇದ್ದರೆ ನೀರು ಕಡಮೆಯಾಗಿದೆ. ಹೊಟ್ಟೆಯ ನಾಲ್ಕು ಕಡೆಗೂ ಕಿವಿಗೊಳವೆಯಿಟ್ಟು ಗುಡುಗುಡು ಸದ್ದನ್ನು ಕೇಳುತ್ತಾನೆ. ಜೀನಿನ ಕೆಳಗೆ, ಜೀನನ್ನು ಬಿಗಿಯುವ ತಂಗಿನ ಪಟ್ಟಿಯ ಕೆಳಗೆ, ಬಾಯಿಯ ಮೂಲೆಗಳಲ್ಲಿ ಕೈಯಾಡಿಸಿ ಹುಣ್ಣು, ಬಾವುಗಳನ್ನು ಅರಸುತ್ತಾನೆ. ಬಳಿಕ ಸಡಿಲವಾದ ಹಗ್ಗ ಹಿಡಿದು ಕುದುರೆಯನ್ನು ಕುಕ್ಕುಲೋಟದಲ್ಲಿ ಹೋಗಿಬರುವಂತೆ ಓಡಿಸುತ್ತಾರೆ. ಹೆಜ್ಜೆಗೊಮ್ಮೆ ತಲೆ ಕುಣಿದರೆ ಕುಂಟು ನಿಶ್ಚಯ. ಇದೇ ಸಣ್ಣ ಓಟದ ಮುನ್ನವೂ, ಓಟಕ್ಕೆ ತೊಡಗಿ ಒಂದು ನಿಮಿಷವಾದ ಮೇಲೂ ಎದೆಬಡಿತವನ್ನು ಎಣಿಸಿ ಹೋಲಿಸುವ ಕ್ರಮವೊಂದುಂಟು: ಎರಡನೆಯ ಎಣಿಕೆ ಮೊದಲಿನದಕ್ಕಿಂತ ಬಹಳ ಏರಿದ್ದರೆ, 64ರ ಮಿತಿಯಲ್ಲಿ ಉತ್ತೀರ್ಣವಾದ ಕುದುರೆಯೂ ಒಳಗೆ ಬಳಲಿದೆಯೆಂದು ತಿಳಿಯಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಹೊರಟ ಕುದುರೆಗಳಲ್ಲಿ ಅರ್ಧದಷ್ಟು ಈ ದ್ವಾರಗಳಲ್ಲಿಯೇ ನಿಂತುಹೋಗುವುದು ಸಾಮಾನ್ಯ. ಕುಂಟು ಅದಕ್ಕೆ ಅತಿ ದೊಡ್ಡ ಕಾರಣ.

ಕಾದ ಕುದುರೆಯ ಮೈಗೆ ತಣ್ಣೀರು ಸುರಿಯಬಾರದು, ಸುರಿದರೆ ಸ್ನಾಯು ಹಿಡಿಯುತ್ತದೆ ಎಂಬ ನಂಬಿಕೆ ಬಹುಕಾಲ ಸವಾರರಲ್ಲಿದ್ದಿತು. 1996ರ ಅಟ್ಲಾಂಟ ಒಲಿಂಪಿಕ್ಸಿನ ಬೇಸಿಗೆಗೆ ಸಿದ್ಧತೆಯಾಗಿ ನಡೆದ ಸಂಶೋಧನೆಗಳು ಆ ಭಯವನ್ನು ನಿವಾರಿಸಿದುವು: ಇಡೀ ಮೈಗೆ, ಮೇಲಿಂದ ಮೇಲೆ, ತಣ್ಣೀರನ್ನು ಸುರಿಯುವುದೇ ಶಾಖವನ್ನಿಳಿಸುವ ಉತ್ತಮ ಮಾರ್ಗ. ಇದಕ್ಕೆ ನಾರಾಯಣಪುರದ ಅಣೆಕಟ್ಟಿನ ಕಾಲುವೆಗಳು ಹರಿದ ಬಳಿಕ ಶಹಾಪುರ–ಸುರಪುರದ ಹಲವು ಕಡೆ ನೀರಿಗೆ ಕೊರತೆಯಿಲ್ಲ. ಗುಡ್ಡದ ಸೀಮೆಯಲ್ಲಿ ಮಾತ್ರ ಟ್ಯಾಂಕರನ್ನೇ ನಂಬಬೇಕು.

ನಿಯಮಗಳು ಇಷ್ಟು ಬಿಗಿಯಾಗಿದ್ದೂ ಈ ಕ್ರೀಡೆಗೆ ಅಪಕೀರ್ತಿ ಬಂದುದೇಕೆ? ಬೆಟ್ಟದ ಹಾದಿಯ ಸವಾರಿಯು ಮರುಭೂಮಿಯ ಸಮತಟ್ಟು ಹಾದಿಗೆ ಇಳಿದಾಗ ವೇಗವು ಗಂಟೆಗೆ 25 ಕಿಲೋಮೀಟರನ್ನು ಮೀರಿತು. ಬಹುಮಾನದ ಹಣ ಬೆಳೆಯಿತು. ನೂರಾರು ಕುದುರೆಗಳ ಭಾರಿ ಲಾಯಗಳು ಹುಟ್ಟಿ, ಕುದುರೆಯ ಒಡೆಯನೊಬ್ಬ, ತರಬೇತುದಾರನೊಬ್ಬ, ಸ್ಪರ್ಧೆಯ ದಿನ ಮಾತ್ರ ಏರುವ ಸವಾರನೊಬ್ಬ ಎಂದಾಯಿತು. ಹಳೆಯ ಬಾರಗೀರನೇ ಹೊಸ ವೇಷದಲ್ಲಿ ಬಂದನೆಂದರೆ ತಪ್ಪಾಗದು. ಕುದುರೆಗಳ ಕಾಲು ಮುರಿದ ಪ್ರಕರಣಗಳು, ಮದ್ದಿನ ಪ್ರಕರಣಗಳು ಹೆಚ್ಚಿದ ಬಳಿಕ ಅಂತರರಾಷ್ಟ್ರೀಯ ಸಂಸ್ಥೆಯು 2015ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸಿನ ಅಶ್ವಕ್ರೀಡಾ ಒಕ್ಕೂಟವನ್ನು ಕೆಲವು ತಿಂಗಳು ಅಮಾನತಿನಲ್ಲಿರಿಸಿತು. 2018ರಲ್ಲಿ ಅಮೆರಿಕದ ಟ್ರೈಯನ್ನಿನ ವಿಶ್ವಕ್ರೀಡಾಕೂಟದಲ್ಲಿ ಸೆಕೆಯೂ ತೇವವೂ ಕೂಡಿ ಕುದುರೆಗಳಿಗೆ ಅಪಾಯವೆಂದು ಕಂಡು, ಆರಂಭವಾಗಿದ್ದ ಸ್ಪರ್ಧೆಯನ್ನೇ ನಡುವೆ ರದ್ದುಮಾಡಬೇಕಾಯಿತು. ಅನಂತರ 2020ರಲ್ಲಿ ಜಾರಿಗೆ ಬಂದ ನಿಯಮಗಳು ಸವಾರನೂ ಕುದುರೆಯೂ ಜೊತೆಯಾಗಿ ಅರ್ಹತೆ ಪಡೆಯುವುದಕ್ಕೆ ಹೆಚ್ಚು ಒತ್ತುಕೊಟ್ಟು, ಸ್ಪರ್ಧೆಗಳ ನಡುವಣ ಕಡ್ಡಾಯ ವಿರಾಮವನ್ನು ಬೆಳೆಸಿ, ಕುದುರೆಗೆ ಮಾರಕ ಗಾಯವಾದರೆ ಅದರ ದಂಡಾಂಕಗಳನ್ನು ಸವಾರನ ಹೆಸರಿಗೇ ಬರೆದುವು. ಅಂಕಗಳು ಮಿತಿ ಮುಟ್ಟಿದರೆ ಅವನು ಸ್ಪರ್ಧೆಯಿಂದ ಹೊರಗುಳಿಯಬೇಕು. ಕುದುರೆಯನ್ನು ಕಳೆದುಕೊಂಡ ಶಿಲೇದಾರನಿಗೆ ತಾನಾಗಿ ಆಗುತ್ತಿದ್ದ ನಷ್ಟವನ್ನು ಇಲ್ಲಿ ಶಾಸನವು ಕೃತಕವಾಗಿ ಸವಾರನ ತಲೆಗೆ ಕಟ್ಟಿದೆ. ಒಡೆಯನಿಗೂ ತರಬೇತುದಾರನಿಗೂ ಇಷ್ಟೇ ತೂಕದ ಭಾರ ಬೀಳದ ಹೊರತು ಇದು ಅರ್ಧ ಚಿಕಿತ್ಸೆಯೇ ಎಂದು ಈ ಲೇಖಕನ ಅಭಿಪ್ರಾಯ.

ಭಾರತದಲ್ಲಿ ದೂರಸವಾರಿಯು ಇನ್ನೂ ಎಳೆಯದು. ಕೇರಳದ ನಿದಾ ಅಂಜುಂ ಚೇಲಾಟ್ 2023ರಲ್ಲಿ ಫ್ರಾನ್ಸಿನಲ್ಲಿ ನಡೆದ ಕಿರಿಯ ಸವಾರರ ವಿಶ್ವಚಾಂಪಿಯನ್‌ಷಿಪ್ಪಿನಲ್ಲಿ 120 ಕಿಲೋಮೀಟರುಗಳನ್ನು ಎಪ್ಸಿಲಾನ್ ಸಲೂ ಎಂಬ ಕುದುರೆಯ ಮೇಲೆ ಪೂರೈಸಿದುದು ದೇಶಕ್ಕೆ ಹೊಸ ಸಂಗತಿ. ಕರ್ನಾಟಕದ ಹೆಸರು ಹೆಚ್ಚಾಗಿ ಈವೆಂಟಿಂಗ್ ಕ್ರೀಡೆಯಲ್ಲಿದೆ. ಬೆಂಗಳೂರಿನ ಫೌಆದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಪದಕಗಳನ್ನು ಪಡೆದು, ಟೋಕಿಯೊ ಒಲಿಂಪಿಕ್ಸಿನಲ್ಲಿ ಅಂತಿಮ ಸುತ್ತನ್ನು ಮುಟ್ಟಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿಯಾದರೋ ಕುದುರೆಯ ಓಟವೆಂದರೆ ಜಾತ್ರೆಯ ಗಾಡಿ ಶರ್ಯತ್ತು. ಡಾಂಬರು ರಸ್ತೆಯ ಮೇಲೆ, ಸುತ್ತ ಮೋಟಾರುಬೈಕುಗಳ ಕೂಗಾಟದ ನಡುವೆ ಓಡಿಸುವ ಅದರಲ್ಲಿ ವೈದ್ಯದ್ವಾರವೂ ಇಲ್ಲ, ಎಣಿಸುವ ಎದೆಬಡಿತವೂ ಇಲ್ಲ. ಕರ್ನಾಟಕವು ಕಂಬಳ, ಎತ್ತಿನ ಗಾಡಿಗಳ ಓಟಕ್ಕಾಗಿ ಮಾಡಿದ, 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದ ತಿದ್ದುಪಡಿಯು ಕುದುರೆಯನ್ನು ಕುರಿತುದಲ್ಲವೆಂಬುದನ್ನು ಶರ್ಯತ್ತಿನವರು ನೆನಪಿಡುವುದು ಒಳ್ಳೆಯದು.

ಕಾನೂನು ನಮ್ಮಲ್ಲಿ ಇಲ್ಲದಿಲ್ಲ. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಅಧಿನಿಯಮವು ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವನ ಮೇಲೆಯೇ ಅದರ ಕ್ಷೇಮದ ಕರ್ತವ್ಯವನ್ನು ಹೊರಿಸಿ, ಮಿತಿಮೀರಿ ಸವಾರಿ ಮಾಡುವುದನ್ನು ಅಪರಾಧವೆನ್ನುತ್ತದೆ. ದುಡಿಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳು ಇನ್ನೂ ನಿಖರ: ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ಕೂಡದು, ಉಷ್ಣತೆ 37 ಡಿಗ್ರಿ ಮೀರಿದ ಪ್ರದೇಶದಲ್ಲಿ ನಡುಹಗಲು 12ರಿಂದ 3ರವರೆಗೆ ಕೂಡದು, ಮುಳ್ಳುಳ್ಳ ಕಡಿವಾಣ ಕೂಡದು. ಟಾಂಗಾದ ಕುದುರೆಯನ್ನು ನೆನೆದು ಬರೆದ ಈ ಅಂಕೆಗಳನ್ನು ದೂರಸವಾರಿಗೆ ಒಪ್ಪಿಸಿ ನೋಡಿದರೆ, ಶಹಾಪುರದಲ್ಲಿ ಮಾರ್ಚಿನ ನಡುವಿನಿಂದ ಮುಂಗಾರು ಹಿಡಿಯುವವರೆಗೆ ನಡುಹಗಲಿನ ಸವಾರಿಯೇ ಸಲ್ಲದೆಂದು ತೀರ್ಮಾನಿಸಬೇಕಾಗುತ್ತದೆ. ಮಳೆಗಾಲದ ಎರೆಯನ್ನೂ ಕಳೆದರೆ ಉಳಿಯುವುದು ದೀಪಾವಳಿಯಿಂದ ಶಿವರಾತ್ರಿಯವರೆಗಿನ ನಾಲ್ಕು ತಿಂಗಳು.

ಆ ಕಾಲದಲ್ಲಿ ಈ ನಾಡಿನಲ್ಲಿ ಸವಾರಿಯನ್ನು ಏರ್ಪಡಿಸುವವರು ಗಮನಿಸಬೇಕಾದ ಸಂಗತಿಗಳು ಕೆಲವೇ. ಸವಾರ, ಜೀನು, ನೀರಿನ ಬುದ್ದಲಿ ಎಲ್ಲ ಕೂಡಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. 300 ಕಿಲೋಗ್ರಾಂ ತೂಗುವ ನಾಡತಟ್ಟುವಿಗೆ ಅದು 60 ಕಿಲೋಗ್ರಾಂ, ಎಂದರೆ ನಮ್ಮ ಅನೇಕ ಹವ್ಯಾಸಿ ಸವಾರರು ಅದನ್ನು ಏರದಿರುವುದೇ ಲೇಸು. ಲಾಳವನ್ನು ಸವಾರಿಯ ಮುನ್ನಾದಿನ ಕಟ್ಟಿಸದೆ ಒಂದು ವಾರ ಮೊದಲೇ ಕಟ್ಟಿಸಿ, ಮೊಳೆ ತಾಕಿದೆಯೇ ಎಂದು ನೋಡಲು ಕಾಲಾವಕಾಶ ಕೊಡಬೇಕು. ಮೊರಂ ದಾರಿಯಲ್ಲಿ ಹೆಜ್ಜೆ ತಪ್ಪಿದ ಕೂಡಲೇ ಇಳಿದು ಗೊರಸನ್ನೆತ್ತಿ ಕಲ್ಲನ್ನು ಕೀಳಬೇಕು. ಇಳಿಜಾರಿನಲ್ಲಿ ಸವಾರನು ಪಕ್ಕದಲ್ಲಿ ನಡೆಯಬೇಕು. ಗುರಿ ಮುಟ್ಟಿದ ಮೇಲಿನ ರಾತ್ರಿಯೂ ಸವಾರಿಯ ಭಾಗವೇ, ಏಕೆಂದರೆ ಹೊಟ್ಟೆನೋವು, ಗೊರಸಿನ ಉರಿಗಳು ಬಹುವೇಳೆ ಕಾಣಿಸಿಕೊಳ್ಳುವುದು ಆಗಲೇ. ಹಸಿಹುಲ್ಲನ್ನೂ ಒಣಮೇವನ್ನೂ ಮುಂದಿರಿಸಿ, ಕಾಳನ್ನು ಮುಂದೂಡಿ, ಲದ್ದಿ ಹಾಕಿತೇ, ಮೂತ್ರದ ಬಣ್ಣವೇನು, ಗೊರಸು ಬಿಸಿಯಾಗಿದೆಯೇ ಎಂದು ಕೆಲವು ಗಂಟೆಗೊಮ್ಮೆ ನೋಡುತ್ತಿದ್ದು, ಮಾರನೆಯ ಬೆಳಗ್ಗೆ ಮತ್ತೊಮ್ಮೆ ಹಗ್ಗ ಹಿಡಿದು ಓಡಿಸಿ ನಡೆ ಸಮವಾಗಿದೆಯೆಂದು ಕಂಡ ಮೇಲೆಯೇ ಕುದುರೆಯನ್ನು ಊರಿನ ಲಾರಿಗೆ ಹತ್ತಿಸಬೇಕು.